ಅಜ್ಜಿ ಬಿಟ್ಟಿದ್ದ ಬಟ್ಟೆ

ಬಿಶಾನ್‌ನ ನಮ್ಮ ಫ್ಲ್ಯಾಟುಗಳ ಬ್ಲಾಕಿನ ಕೆಳಗೆ, ಈ ಪರದೇಶದಲ್ಲಿ, ಮೂವತ್ತು ವರ್ಷದಿಂದ ಬಟ್ಟೆ ಆಲ್ಟರ್ ಮಾಡುತ್ತ ಬಂದಿದ್ದೇನೆ. ಕತ್ತರಿ ತಪ್ಪಿದ್ದುಂಟು, ಒಪ್ಪಿಕೊಂಡು ಸರಿಮಾಡಿಕೊಟ್ಟಿದ್ದೂ ಉಂಟು. ಒಂದು ಸಲ ಮಾತ್ರ ಸುಳ್ಳು ಹೇಳಿದೆ. ಅದು ಹೋಗಿ, ತೀರಿಕೊಂಡ ಒಬ್ಬ ಹೆಂಗಸಿನ ಮೇಲೆ ಬಿತ್ತು.

ನಾಲ್ಕು ವರ್ಷದ ಹಿಂದೆ ನಾರ್ವೆಯ ಮಹಿಳೆಯೊಬ್ಬರು ನೀಲಿ ಉಣ್ಣೆಯ ಉಡುಪು ತಂದರು. ಅವರಲ್ಲಿ ಅದಕ್ಕೆ ಬುನಾದ್ ಎನ್ನುತ್ತಾರೆ. ಒಂದೊಂದು ಸೀಮೆಗೆ ಒಂದೊಂದು ಬಣ್ಣ, ಒಂದೊಂದು ಕಸೂತಿ; ತೊಟ್ಟವಳು ಯಾವ ಕಡೆಯವಳೆಂದು ನೋಡಿದರೇ ತಿಳಿಯುತ್ತದಂತೆ. ಇದನ್ನು ಅವರ ಅಜ್ಜಿ ಕೈಯಲ್ಲೇ ಹೊಲಿದಿದ್ದರು. ಮೂರು ತಲೆಮಾರಿಗೆ ಸಾಲುವಷ್ಟು ಬಟ್ಟೆಯನ್ನು ಹೊಲಿಗೆಯ ಒಳಗೆ ಬಿಟ್ಟಿದ್ದೇನೆ ಎಂದು ಅಜ್ಜಿ ಹೇಳುತ್ತಿದ್ದುದು ಆ ಮನೆಯವರಿಗೆಲ್ಲ ಹೆಮ್ಮೆ. ಮೇಲಂಗಿಯನ್ನು ನನ್ನ ಅಳತೆಗೆ ಬಿಗಿ ಮಾಡಿಕೊಡಿ, ಒಳಗಿನದನ್ನು ಕತ್ತರಿಸಬೇಡಿ, ಮುಂದೆ ಮಗಳಿಗೆ ಬೇಕು ಎಂದು ಎರಡು ಸಲ ಹೇಳಿಹೋದರು.

ಕತ್ತರಿಸಿದೆ. ದಪ್ಪ ಉಣ್ಣೆ ಕಂಕುಳ ಕೆಳಗೆ ಉಬ್ಬಿ ನನ್ನ ಹೊಲಿಗೆಯ ಅಂದ ಕೆಡಿಸುತ್ತಿತ್ತು. ಈ ಸೆಕೆಯ ಊರಲ್ಲಿ ಇದನ್ನು ಇನ್ನೊಬ್ಬಳು ಯಾಕೆ ತೊಟ್ಟಾಳು ಎಂದುಕೊಂಡೆ. ರವಿಕೆಯೊಳಗೆ ಬಟ್ಟೆ ಬಿಡದ ದರ್ಜಿಯನ್ನು ನನ್ನ ತಾಯಿ ಅವನ ಅಂಗಡಿಯಲ್ಲೇ ನಿಂತು ಬೈದದ್ದನ್ನು ಕಂಡು ಬೆಳೆದವನು ನಾನು, ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕತ್ತರಿಸಿದ ಎರಡು ಪಟ್ಟಿಗಳನ್ನು ಸುರುಳಿ ಸುತ್ತಿ, ಗುಂಡುಸೂಜಿ ಚುಚ್ಚಿಡಲು ಮಣಿಕಟ್ಟಿಗೆ ಕಟ್ಟಿಕೊಂಡೆ.

ಈ ವರ್ಷ ಅವರು ಮಗಳನ್ನು ಕರೆತಂದರು. ಹದಿನೈದರ ಹುಡುಗಿಗೆ ಚರ್ಚಿನಲ್ಲೊಂದು ಶಾಸ್ತ್ರ. ಅಂದು ಬುನಾದ್ ತೊಡುವುದು ಪದ್ಧತಿ. ಹುಡುಗಿ ತಾಯಿಗಿಂತ ಮೈತುಂಬಿಕೊಂಡವಳು. ಬಿಚ್ಚಿ ಸಡಿಲ ಮಾಡಿಕೊಡಿ ಎಂದರು. ಒಳಗೆ ಬಟ್ಟೆ ಇಲ್ಲ, ಆಗಲೂ ಇರಲಿಲ್ಲ ಎಂದೆ. ನನ್ನ ಮಣಿಕಟ್ಟಿನಲ್ಲಿ ಆ ನೀಲಿ ಸುರುಳಿ ಇತ್ತು. ಅವರು ಅದನ್ನು ಗಮನಿಸಲಿಲ್ಲ. ಉಡುಪು ಮಡಚುತ್ತ, ಹಾಗಾದರೆ ಅಜ್ಜಿ ಹೇಳಿದ್ದೆಲ್ಲ ಬರೀ ಬಾಯಿಮಾತು, ಊರಲ್ಲಿರುವ ಅಮ್ಮನಿಗೆ ಇದನ್ನು ಹೇಗೆ ಹೇಳಲಿ ಎಂದು ಮೆಲ್ಲಗೆ ಅಂದರು.

ಮನೆಯಲ್ಲಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಕಟ್ ಮಾಡಿದ್ದು ನೀವು, ಸುಳ್ಳಿ ಆಗಿದ್ದು ಅವರಜ್ಜಿ. ಚೆನ್ನಾಗಿದೆ ರೀ ನಿಮ್ಮ ಆಲ್ಟರೇಶನ್."

ಅಷ್ಟು ಸಾಕಾಯಿತು. ಸೂಜಿಗಳನ್ನೆಲ್ಲ ಕಿತ್ತು, ಸುರುಳಿ ಬಿಚ್ಚಿ, ಆವಿ ಹಾಯಿಸಿ ಇಸ್ತ್ರಿ ಮಾಡಿದೆ. ತೂತುಗಳು ಬಹುಪಾಲು ಮುಚ್ಚಿಕೊಂಡವು. ಉಣ್ಣೆ ನನಗಿಂತ ಒಳ್ಳೆಯದು. ಮರುದಿನ ಸಂಜೆ ನಾಲ್ಕಕ್ಕೆ ಅಂಗಡಿ ಮುಚ್ಚಿ ಅವರ ಕಾಂಡೋ ಅಪಾರ್ಟ್ಮೆಂಟಿಗೆ ಹೋದೆ. ಪಟ್ಟಿಗಳನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. ಏನೋ ಹೇಳಹೊರಟವರನ್ನು ತಡೆದೆ.

"ಆಮೇಲೆ ಬೈಯಿರಿ ಮೇಡಂ. ಮೊದಲು ನಿಮ್ಮಮ್ಮಂಗೆ ಫೋನ್ ಮಾಡಿ, ಅಲ್ಲೀಗ ಬೆಳಗಾಗಿರುತ್ತೆ. ನಾನು ಇಲ್ಲೇ ನಿಂತಿರ್ತೀನಿ."

ಮಾಡಿದರು. ಮಾತೆಲ್ಲ ಅವರ ಭಾಷೆಯಲ್ಲಿ. ನನಗೆ ತಿಳಿದದ್ದು ಅತ್ತಲಿಂದ ಕೇಳಿಬಂದ ಮುದುಕಿಯ ನಗುವೊಂದೇ. ಫೋನ್ ಇಟ್ಟು ಬೈದರು. ಬೈಸಿಕೊಂಡೆ. ಪಟ್ಟಿಗಳನ್ನು ಇದ್ದಲ್ಲಿಗೇ ಕೂಡಿಸಿಕೊಡುತ್ತೇನೆ, ಆದರೆ ಜೋಡಿಸಿದ ಗೆರೆ ಕಾಣುತ್ತದೆ ಎಂದೆ. ತಾಯಿ ಮಗಳ ಕಡೆ ನೋಡಿದರು.

"ಕಾಣ್ಲಿ ಲಾ, ಅಂಕಲ್," ಎಂದಳು ಹುಡುಗಿ, ಇಲ್ಲಿಯವರ ಧಾಟಿಯಲ್ಲೇ. "ಕಟ್ ಮಾತ್ರ ಮಾಡ್ಬೇಡಿ."

ಈಗ ಕೈಯಲ್ಲೇ ಹೊಲಿಯುತ್ತಿದ್ದೇನೆ. ನಾಲ್ಕು ಹೊಲಿಗೆ ಹಾಕಿದರೆ ಒಂದನ್ನು ಬಿಚ್ಚುತ್ತೇನೆ. ಮೆಷಿನ್ ಮುಟ್ಟುವುದಿಲ್ಲ. ಅಜ್ಜಿ ಕೈಯಲ್ಲಿ ಹೊಲಿದದ್ದು, ಕೈಯಲ್ಲೇ ಕೂಡಬೇಕು. ಶಾಸ್ತ್ರಕ್ಕೆ ಇನ್ನು ಹನ್ನೊಂದು ದಿನ ಇದೆ. ಮುಗಿಸುತ್ತೇನೆ.