ಮೆಣಸಗಿಯ ತಗ್ಗು ಮತ್ತು ನಮ್ಮ ಲಾಕರ್

ನಮ್ಮ ಸಂಚಾರಿ ದವಾಖಾನೆಯ ಡೀಸೆಲ್ ಟ್ರಕ್ಕು ಮೆಣಸಗಿಯ ಎರೆಮಣ್ಣಿನ ತಗ್ಗಿನಲ್ಲಿ ಪ್ರತಿ ಸಲವೂ ಹೂತು ನಿಲ್ಲುತ್ತಿತ್ತು. ನಾನು ಅದರ ಮೇಟ್ರನ್. ವೇಳೆ ತಪ್ಪುವುದನ್ನು ಸಹಿಸುವವಳಲ್ಲ. ಗಜೇಂದ್ರಗಡದ ಗ್ಯಾರೇಜಿಗೆ ನಾನೇ ಹೋದೆ.

"ಆಕ್ಸಲ್ ಗೇರ್ ರೇಶಿಯೋ ಬದಲಿಸಿದ್ರ ಎಳಿಯೂ ತಾಕತ್ತು ಹೆಚ್ಚಾಗತೈತ್ರಿ," ಎಂದ ಮೆಕ್ಯಾನಿಕ್.

"ಜಾರುವ ಗಾಲಿಗೆ ತಾಕತ್ತು ಕೊಟ್ಟು ಏನು ಉಪಯೋಗ? ಒಂದು ಗಾಲಿ ಜಾರಿದರೂ ಎರಡೂ ಕೂಡಿ ತಿರುಗುವಂತೆ ಆಕ್ಸಲಿಗೆ ಲಾಕರ್ ಹಾಕಿ," ಎಂದೆ.

ಮುಂದಿನ ಸಲ ಅದೇ ತಗ್ಗಿನಲ್ಲಿ ಡ್ರೈವರ್ ಲಾಕರಿನ ಗುಂಡಿ ಒತ್ತಿದ. ಟ್ರಕ್ಕು ಎಮ್ಮೆಯಂತೆ ಮೈಕೊಡವಿ ಮೇಲೆ ಬಂತು. ಎಂದಿನಂತೆ ನೂಕಲು ದಂಡೆಯ ಮೇಲೆ ಕಾದಿದ್ದ ಊರ ಗಂಡಸರ ಮುಖ ಬಾಡಿತು.

"ಬಾಯಾರ, ನಾವು ನೂಕಲಿಲ್ಲಂದ್ರ ಪಾಳಿ ಹ್ಯಾಂಗ್ರಿ?" ಎಂದು ಒಬ್ಬ ಕೇಳಿದ.

"ಯಾವ ಪಾಳಿ?"

"ನೂಕಿದವರ ಮನಿ ಮಂದಿ ದವಾಖಾನಿ ಸಾಲಿನ್ಯಾಗ ಮೊದಲು ನಿಲ್ಲೂದಲ್ರಿ? ಡ್ರೈವರಣ್ಣನ ಕರಾರು."

ನಾನು ದಂಗಾದೆ. ಮೆಣಸಗಿಯ ಸಾಲಿನ ಶಿಸ್ತನ್ನು ನಾನು ಊರೂರಲ್ಲಿ ಹೊಗಳಿದ್ದೆ! ಸಾಲಿನ ಕೊನೆಯಲ್ಲಿ ಎಂದಿನಂತೆ ಒಬ್ಬ ತುಂಬು ಗರ್ಭಿಣಿ ನಿಂತಿದ್ದಳು. ಸಂಕೋಚದಿಂದ ಹಿಂದೆ ನಿಲ್ಲುತ್ತಾಳೆಂದು ತಿಳಿದಿದ್ದೆ. ಗಂಡ ಗೋವಾಕ್ಕೆ ದುಡಿಯಲು ಹೋಗಿದ್ದ. ನೂಕಲು ಮನೆಯಲ್ಲಿ ಯಾರೂ ಇರಲಿಲ್ಲ.

ಅವಳನ್ನೇ ಮೊದಲು ಕರೆದೆ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿತ್ತು. ಆಕೆಯನ್ನು ಅದೇ ಟ್ರಕ್ಕಿನಲ್ಲಿ ರೋಣದ ದೊಡ್ಡ ದವಾಖಾನೆಗೆ ಕರೆದೊಯ್ದೆವು.

"ಮಳೆಗೆ ಆ ತಗ್ಗು ಕೆಸರಾಗಿ ನಿಮಗೆ ಭಾಳ ತ್ರಾಸು," ಎಂದೆ ದಾರಿಯಲ್ಲಿ.

"ಮಳಿ ಎಲ್ಲೈತ್ರಿ ಬಾಯಾರ? ನೀವು ಬರೂ ದಿನ ಆ ನೂಕೂ ಮಂದೀನ ತಗ್ಗಿಗೆ ಪಂಪಿನ ನೀರು ಬಿಡತಾರ್ರಿ," ಎಂದಳು.

ನೂಕಿದವರಿಗೆ ಮೊದಲ ಪಾಳಿ ಎಂಬುದು ನಿಂತಿತು; ಅಂದಿನಿಂದ ಆ ತಗ್ಗು ಒಣಗಿಯೇ ಇದೆ. ಅಷ್ಟು ವಾದಿಸಿ ಹಾಕಿಸಿದ ಲಾಕರಿನ ಗುಂಡಿ ಒತ್ತುವ ಪ್ರಸಂಗ ಮತ್ತೆ ಬಂದಿಲ್ಲ.