ಲೊಕ್ಕನಹಳ್ಳಿಯ ಹೊಲದಲ್ಲಿ ಒಂದು ಮರುಕೂಗು

ಡಿಸೆಂಬರ್ 14, ಶನಿವಾರ, ಸಂಜೆ ಐದು ಐವತ್ತು. ಲೊಕ್ಕನಹಳ್ಳಿ ದಾಟಿ, ಕಾಡಿನ ಅಂಚಿನಲ್ಲಿದ್ದ ಒಂದು ಬೀಳು ಹೊಲದಲ್ಲಿ ವ್ಯಾನು ನಿಲ್ಲಿಸಿ ಸ್ಟೌ ಹಚ್ಚುತ್ತಿದ್ದಾಗ ಆ ಕೂಗು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಬೇಲಿಯಾಚೆಯ ರಾಗಿ ಹೊಲದ ಕಡೆಯಿಂದ ಬಂತು.

ವ್ಯಾನು ಎಂದರೆ ಹಳೆಯ ಓಮ್ನಿ. ಹಿಂದಿನ ಸೀಟು ತೆಗೆಸಿ, ಇಬ್ಬರು ಮಲಗುವಷ್ಟು ಅಗಲದ ಹಲಗೆ ಹಾಕಿಸಿದ್ದೆ. ಬರುತ್ತೇನೆಂದಿದ್ದ ಗೆಳೆಯ ಹೊರಡುವ ಹಿಂದಿನ ದಿನ ಆಗುವುದಿಲ್ಲ ಎಂದ. ಅವನ ಅರ್ಧದಲ್ಲಿ ನೀರಿನ ಕ್ಯಾನು, ಅಕ್ಕಿ ಚೀಲ ಇಟ್ಟುಕೊಂಡು ಕೊಳ್ಳೇಗಾಲದಿಂದ ಒಬ್ಬನೇ ಹೊರಟೆ. ಹನೂರಿನ ಸುತ್ತಲ ಒಣ ನೆಲ, ಕುರುಚಲು ಗುಡ್ಡಗಳಲ್ಲಿ ನಾಲ್ಕು ದಿನ. ಆಮೇಲೆ ಯಳಂದೂರಿನ ಕಡೆ ನೀರಹಕ್ಕಿಗಳು. ಇದು ನನ್ನ ಲೆಕ್ಕ.

ನನ್ನ ಡೈರಿಯಲ್ಲಿ ಪ್ರತಿ ದಿನಕ್ಕೂ ಎರಡು ಅಂಕಣ. ಒಂದು, ಕಂಡ ಹಕ್ಕಿಗಳು. ಇನ್ನೊಂದು, ಮಾತಾಡಿದ ಜನ. ಆ ಶನಿವಾರ ಮೊದಲನೆಯದರಲ್ಲಿ ಮೂವತ್ತೊಂದು ಬಗೆ: ನೀಲಕಂಠ, ಕಳ್ಳಿಪೀರ, ಬೇಲಿಸಾಲಿನಲ್ಲಿ ಮರಿಗಳೊಂದಿಗೆ ಓಡಿದ ಗೌಜಲಕ್ಕಿ. ಎರಡನೆಯದರಲ್ಲಿ ಇಬ್ಬರು. ಕಾಮಗೆರೆಯ ಟೀ ಅಂಗಡಿಯಾತ, ಹನೂರಿನ ಪೆಟ್ರೋಲ್ ಬಂಕಿನ ಹುಡುಗಿ. ಇಬ್ಬರೊಡನೆ ಆಡಿದ ಮಾತು ಸೇರಿಸಿದರೂ ಒಂದು ಸಾಲು ತುಂಬುವುದಿಲ್ಲ. ಆ ಸಂಜೆ ಅಡುಗೆ ಮಾಡುವಾಗ ಪಾತ್ರೆಗಳ ಜೊತೆ ಮಾತಾಡುತ್ತಿದ್ದೆ. ಅವುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕೂಗಿದ್ದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಗುರುತು ಸಿಗದ ಹಕ್ಕಿಯ ದನಿಯನ್ನು ಅನುಕರಿಸಿ ಕೂಗಿದರೆ ಅದು ಕೆಲವೊಮ್ಮೆ ಉತ್ತರ ಕೊಡುತ್ತದೆ, ಹತ್ತಿರಕ್ಕೂ ಬರುತ್ತದೆ. ಹಕ್ಕಿ ನೋಡುವವರಿಗೆಲ್ಲ ಇರುವ ಚಟ ಇದು. ಬಾಯಿಗೆ ಕೈ ಅಡ್ಡ ಹಿಡಿದು ನಾನೂ ಕೂಗಿದೆ: ಎರಡು ಗಿಡ್ಡ, ಒಂದು ಉದ್ದ. ಆಮೇಲೆ ಒಂದೇ ಒಂದು ಸಲ, ತುಂಡಾಗಿ, ಉತ್ತರ ಬಂತು. ಹಕ್ಕಿ ಕಾಣಲಿಲ್ಲ. ‘ಗುರುತು ಸಿಗದ್ದು, ಒಂದು. ಗಾತ್ರ ದೊಡ್ಡದಿರಬಹುದು’ ಎಂದು ಬರೆದು, ಊಟ ಮಾಡಿ, ಗಾಜು ಏರಿಸಿ ಮಲಗಿಬಿಟ್ಟೆ.

ಭಾನುವಾರ ಬೆಳಿಗ್ಗೆ ಯಾರೋ ವ್ಯಾನಿನ ಬಾಗಿಲು ತಟ್ಟಿದರು. ಐವತ್ತರ ಆಸುಪಾಸಿನ ಹೆಂಗಸು. ತಲೆಗೆ ಟವೆಲು, ಒಂದು ಕೈಯಲ್ಲಿ ಕಾಫಿಯ ಚೊಂಬು, ಇನ್ನೊಂದರಲ್ಲಿ ಎರಡು ಲೋಟ. ನನ್ನನ್ನು ನೋಡಿದವರೇ ಹಿಂದೆ ಸರಿದು ಬೀಳು ಹೊಲವನ್ನೆಲ್ಲ ಕಣ್ಣಲ್ಲೇ ಹುಡುಕಿದರು.

“ನಮ್ ಮೈದುನ ಎಲ್ಲವ್ನೆ ಸಾ?”

“ಇಲ್ಲಿ ನಾನೊಬ್ಬನೇ ಇರೋದು ಅಕ್ಕಾ.”

“ಮತ್ತೆ ರಾತ್ರಿ ಮರುಕೂಗು ಕೊಟ್ಟೋರು?”

ನಾನು ಡೈರಿ ತೆಗೆದು ಬರೆದದ್ದನ್ನು ಓದಿದೆ. ಅವರು ವ್ಯಾನಿಗೆ ಒರಗಿಕೊಂಡು ಲೋಟಗಳು ಕಿಣಿಕಿಣಿ ಎನ್ನುವಷ್ಟು ನಕ್ಕರು. “ಗಾತ್ರ ದೊಡ್ಡದು ಅಂತ ಬರ್ದಿದ್ದೀರಾ? ನಮ್ ಯಜಮಾನ್ರು ಕೇಳಿದ್ರೆ ಸರಿಯಾಗೇ ಬರ್ದವ್ರೆ ಅಂತಾರೆ.”

ನಗು ನಿಂತ ಮೇಲೆ ಒಂದು ಲೋಟವನ್ನು ಮಗುಚಿ ಬಾಗಿಲ ಬಳಿ ಹಲಗೆಯ ಮೇಲಿಟ್ಟರು. ಅದು ಮೈದುನನ ಲೋಟ ಎಂದು ಆಗ ಅರ್ಥವಾಯಿತು.

ಅಲ್ಲಿಯ ಪದ್ಧತಿ ಇದು. ಫಸಲು ಮಾಗುವಾಗ ಹಂದಿ, ಆನೆ ಕಾಯಲು ಹೊಲಕ್ಕೊಂದು ಅಟ್ಟಣೆ ಇರುತ್ತದೆ. ಸಂಜೆ ಹತ್ತುವಾಗ ಕೂಗಬೇಕು, ಬೆಳಿಗ್ಗೆ ಇಳಿಯುವಾಗ ಕೂಗಬೇಕು. ಪಕ್ಕದ ಹೊಲದವರು ಮರುಕೂಗು ಕೊಡಬೇಕು. ಬರಲಿಲ್ಲವೆಂದರೆ ಹೋಗಿ ನೋಡಬೇಕು. ಈ ಬೀಳು ಹೊಲ ಮೈದುನನದು. ದೀಪಾವಳಿ ಆದ ಮೇಲೆ ಹೆಂಡತಿ ಮಕ್ಕಳೊಂದಿಗೆ ತಿರುಪೂರಿನ ಬನಿಯನ್ ಫ್ಯಾಕ್ಟರಿಗೆ ಹೋದ, ಕುಯ್ಲಿಗೆ ಬರುತ್ತೇನೆ ಎಂದಿದ್ದ. ಇವರ ಗಂಡ ಕಾಲು ಮುರಿದುಕೊಂಡು ಕಾಮಗೆರೆ ಆಸ್ಪತ್ರೆಯಿಂದ ಬಂದು ಮನೆಯಲ್ಲಿ ಮಲಗಿದ್ದರು. ಮರುಕೂಗಿಲ್ಲದೆ ಅಟ್ಟಣೆ ಹತ್ತಬೇಡ ಎಂದು ಮನೆಯವರೆಲ್ಲ ಬೈದರೂ ಹತ್ತು ದಿನದಿಂದ ಇವರು ಒಬ್ಬರೇ ಕಾಯುತ್ತಿದ್ದರು.

“ನೆನ್ನೆ ಕೊನೇ ಸಲ ಅಂತ ಕೂಗ್ದೆ. ಇವತ್ತೂ ಬರ್ನಿಲ್ಲ ಅಂದ್ರೆ ರಾಗೀನ ಅಂದಿಗಳ್ಗೇ ಬುಟ್ಟು ಮನೆಗೋಗದೇಯ ಅಂತ. ನೀವು ಕೂಗುದ್ರಿ, ಅಟ್ಟಣೆ ಅತ್ತಿಬುಟ್ಟೆ.”

“ನನ್ನ ದನಿ ಅಂತ ಗೊತ್ತಾಗಲಿಲ್ವಾ?”

“ಮರುಕೂಗು ತಿರುವಾಕಿ ಕೂಗ್ಬೇಕು. ಮೊದ್ಲು ಉದ್ದ, ಆಮೇಲೆ ಗಿಡ್ಡ. ನೀವು ಕೂಗಿದ್ನೇ ಕೂಗುದ್ರಿ. ತಿರುಪೂರ್ಗೋಗಿ ಕೂಗದ್ನೂ ಮರ್ತವ್ನಲ್ಲ ಮುಂಡೇದು ಅನ್ಕಂಡೆ.”

ನಾನು ಗಾಜು ಏರಿಸಿ ಮಲಗಿದ್ದೆ. ರಾತ್ರಿ ಅವರು ಕರೆದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಅದನ್ನು ಹೇಳಿದೆ. ಅವರು ತಮ್ಮ ಕಾಫಿ ಕುಡಿದು ಮುಗಿಸಿ, ಮಗುಚಿದ್ದ ಲೋಟವನ್ನು ಎತ್ತಿ ನನಗೆ ಬಗ್ಗಿಸಿ ಕೊಟ್ಟರು.

“ಮಂಗಳವಾರ ಆಳು ಬತ್ತರೆ, ಕುಯ್ಸ್ತೀನಿ. ಅಲ್ಲೀಗಂಟ ಇರಕಾಯ್ತದಾ?”

ನನ್ನ ಲೆಕ್ಕದ ಪ್ರಕಾರ ಭಾನುವಾರ ಮಧ್ಯಾಹ್ನ ನಾನು ಬೇರೆ ಗುಡ್ಡದಲ್ಲಿರಬೇಕಿತ್ತು. “ಇರ್ತೀನಿ” ಎಂದೆ. ತಿರುವುಹಾಕಿ ಕೂಗುವುದನ್ನು ಅಲ್ಲೇ ನಿಂತು ಕಲಿಸಿದರು. ಮೊದಲ ಪ್ರಯತ್ನಕ್ಕೆ, “ಯಾಕಪ್ಪಾ, ಕರೂನ ಕಳಕಂಡೋರಂಗೆ ಕೂಗ್ತೀಯೆ?” ಎಂದರು. ‘ಸಾ’ ಹೋಗಿ ‘ಅಪ್ಪಾ’ ಬಂದಿತ್ತು.

ಭಾನುವಾರ ಸಂಜೆ ಸರಿಯಾಗಿ ಕೂಗಿದೆ. ಗಾಜು ಇಳಿಸಿಯೇ ಮಲಗಿದೆ.

ಸೋಮವಾರ ಬೆಳಿಗ್ಗೆ ಆರೂವರೆ ಆಯಿತು, ಇಳಿಯುವ ಕೂಗು ಬರಲಿಲ್ಲ. ಹೊರಗೆ ಬಂದು ನಿಂತೆ. ಬೇಲಿಯ ಮೇಲೆ ನೀಲಕಂಠ ಕೂತಿತ್ತು. ದುರ್ಬೀನು ಎತ್ತಲು ಮನಸ್ಸಾಗಲಿಲ್ಲ. ನಾನೇ ಕೂಗಿದೆ. ಎರಡನೆಯ ಸಲವೂ ಉತ್ತರವಿಲ್ಲ. ಬೇಲಿ ನುಗ್ಗಿ ರಾಗಿಯ ನಡುವೆ ಓಡಿದೆ, ಮುಳ್ಳಿಗೆ ತೋಳು ಗೀರಿತು. ಅಟ್ಟಣೆಯ ಮೇಲೆ ಕಂಬಳಿಯ ಗುಡ್ಡೆ ಮಾತ್ರ ಕಂಡಿತು. “ಅಕ್ಕಾ” ಎಂದೆ, ಇನ್ನೂ ಜೋರಾಗಿ “ಅಕ್ಕಾ” ಎಂದೆ. ಗುಡ್ಡೆ ಅಲುಗಾಡಿತು. ಅವರು ಎದ್ದು ಕೂತು, ಬಿಸಿಲು ನೋಡಿ, ಮೊದಲು ಹೊಲದ ನಾಲ್ಕು ಮೂಲೆಗೂ ಕಣ್ಣಾಡಿಸಿದರು. ರಾಗಿ ನಿಂತಂತೆಯೇ ಇತ್ತು.

“ನಿದ್ದೆ ಬಂದ್ಬುಡ್ತು ಕಣಪ್ಪಾ. ಅತ್ತು ದಿನ ಕಣ್ಣು ಮುಚ್ಚಿಲ್ಲ. ನೀನು ಆ ಕಡೆ ಇದ್ದೀಯೆ ಅಂತ ಗೊತ್ತಿತ್ತಲ್ಲ, ಬಂದ್ಬುಡ್ತು.”

“ಕಾಯೋಕೆ ಬಂದು ನಿದ್ದೆ ಮಾಡ್ತಾರಾ?”

“ನಿನ್ ಪಕ್ಸಿ ಪುಸ್ತಕಕ್ಕೆ ಬರ್ಕೊ ಓಗು.”

ಆ ದಿನ ಮೊದಲ ಅಂಕಣದಲ್ಲಿ ಹನ್ನೊಂದು ಬಗೆ ಮಾತ್ರ. ಎರಡನೆಯದರಲ್ಲಿ ಒಬ್ಬರು. ಆದರೆ ಅವರಾಡಿದ ಮಾತಿಗೆ ಸಾಲು ಸಾಲದೆ ಅಂಚಿನಲ್ಲೆಲ್ಲ ಬರೆದಿದ್ದೇನೆ.

ಮಂಗಳವಾರ ಮಧ್ಯಾಹ್ನದೊಳಗೆ ಕುಯ್ಲು ಮುಗಿಯಿತು. ತಿರುಪೂರಿನಿಂದ ಯಾರೂ ಬರಲಿಲ್ಲ. ಹೊರೆಗಳು ಟ್ರ್ಯಾಕ್ಟರಿನಲ್ಲಿ ಊರೊಳಗಿನ ಕಣಕ್ಕೆ ಹೋದವು, ಅವರೂ ಅದೇ ಟ್ರೈಲರಿನಲ್ಲಿ ಕೂತು ಹೋದರು. ಹೋಗುವಾಗ ನನ್ನ ಕಡೆ ಕೈ ಬೀಸಿ ಏನೋ ಹೇಳಿದರು. ಇಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಸಂಜೆ ಐದು ಐವತ್ತಕ್ಕೆ ನಾನು ಅದೇ ಜಾಗದಲ್ಲಿ ಕಾದೆ. ಕಾಯಲು ಏನೂ ಇಲ್ಲದ ಹೊಲದಿಂದ ಯಾರು ಕೂಗುತ್ತಾರೆ?

ಬುಧವಾರ ಯಳಂದೂರು ದಾಟಿ ಅಗರದ ಹತ್ತಿರ, ನೀರು ನಿಂತ ಗದ್ದೆಗಳ ಪಕ್ಕ ಇಳಿದೆ. ಐವತ್ತಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕಂಡವು, ಆ ಪ್ರವಾಸದ ಅತಿ ಹೆಚ್ಚು. ಕತ್ತಲಾಗುವಾಗ ಬದುವಿನ ಮೇಲೆ ನಿಂತು ಒಮ್ಮೆ ಕೂಗಿದೆ, ಮೊದಲು ಗಿಡ್ಡ, ಆಮೇಲೆ ಉದ್ದ. ಟಿಟ್ಟಿಭಗಳು ಗಾಬರಿಯಾಗಿ ಎದ್ದು ಹಾರಿದವು. ಬೇರೇನೂ ಬರಲಿಲ್ಲ.

ಅವರ ಹೆಸರು ಕೇಳಲಿಲ್ಲ. ನನ್ನ ಡೈರಿಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಮುಂದಿನ ರಾಗಿಗೆ ಮತ್ತೆ ಅಟ್ಟಣೆ ಕಟ್ಟುತ್ತಾರೆ. ಲೊಕ್ಕನಹಳ್ಳಿಯ ಕಡೆಯವರು ಯಾರಾದರೂ ಇದನ್ನು ಓದಿದರೆ, ಆ ಬೀಳು ಹೊಲದ ಮೈದುನ ಹಿಂದಿರುಗಿದನೇ, ಸಂಜೆ ಆ ಕಡೆಯಿಂದ ಯಾರಾದರೂ ಮರುಕೂಗು ಕೊಡುತ್ತಿದ್ದಾರೆಯೇ ಎಂದು ದಯವಿಟ್ಟು ಬರೆದು ತಿಳಿಸಿ. ಯಾರೂ ಇಲ್ಲದಿದ್ದರೆ ಅದನ್ನೂ ಬರೆಯಿರಿ, ಕುಯ್ಲಿಗೆ ಮೊದಲೇ.