ಊಟಕ್ಕ ಕುಂತಾಗ ಹರದ ಹಳ್ಳ

ನಾ ಬೈಲಹೊಂಗಲದಾಗ ಮನ್ಯಾಗ ಕುಂತು, ವಿಡಿಯೋ ನೋಡಿ ನೋಡಿ ಕಂಪ್ಯೂಟರ್ ನಕಾಶೆ ಕಲ್ತಾಕಿ. ಸಂಪಗಾಂವ ಕಡಿ ಬಂಡಿ ದಾರಿ, ಹಳ್ಳ ಎಲ್ಲಾ ಫೋನ್ ಹಿಡ್ಕೊಂಡು ಅಡ್ಡಾಡಿ, ಒಂದೊಂದು ಗೆರಿ ಮಾಡಿ ಡೇಟಾಬೇಸಿಗೆ ತುಂಬಿದ್ದೆ. ಗೆರಿ ಅಂದ್ರ ಭಾಳ ಏನಿಲ್ಲ, ಸಾಲಾಗಿ ಪೋಣಿಸಿದ ಚುಕ್ಕಿ.

ನಮ್ಮ ಓಣ್ಯಾಗ ಒಬ್ರು ಚಾಚಾ ಅದಾರ, ಕಬ್ಬಿನ ಟ್ರ್ಯಾಕ್ಟರ್ ಹೊಡಿತಾರ. ಮೊದಲ ಸಲ ಅವರಿಗೆ ತೋರಸಾಕ ಹೋಗಿ ಮಾನ ಕಳಕೊಂಡಿದ್ದೆ. ಸಂಪಗಾಂವ ರಸ್ತೆ ಎಷ್ಟು ಉದ್ದ ಅಂತ ಲೆಂತ್ ಫಂಕ್ಷನ್ನಿಗೆ ಕೇಳಿದ್ರ, ಸೊನ್ನಿ ಪಾಯಿಂಟ್ ಸೊನ್ನಿ ಒಂಬತ್ತು ಅಂತು.

"ಇಷ್ಟ ಏನ್ ಬೇಟಿ? ಹಂಗಾರ ಟ್ರ್ಯಾಕ್ಟರ್ ಯಾಕ, ಇಲ್ಲೇ ನಿಂತು ಕಬ್ಬು ಒಗಿತೇನಿ" ಅಂದ್ರು ಚಾಚಾ.

ಅದು ಡಿಗ್ರಿ ಲೆಕ್ಕದಾಗ ಹೇಳಿತ್ತು. ಮೀಟರಿಗೆ ಬದಲಿಸಬೇಕು ಅನ್ನೂದು ನನಗ ಆಮ್ಯಾಲೆ ತಿಳೀತು.

ಒಂದಿನ ಮುಂಜಾನೆ ಅವರದ ಫೋನ್ ಬಂತು. "ಬೇಟಿ, ಹೊಸಾ ಹೊಲ. ಜೋಡಿ ಟ್ರೇಲಿ ತುಂಬಿ ನಿಂತೇನಿ. ಬಂದ ದಾರಿ ಪೈಪ್ ಹಾಕಾಕ ಅಗದ ಬಿಟ್ಟಾರ. ಹಳ್ಳ ಇಳೀಲಾರದ ಡಾಂಬರ ರಸ್ತೆ ಮುಟ್ಟೂ ಹಾದಿ ನಿನ್ನ ಕಡೆ ಐತೇನು?"

ಹೋದ ವರ್ಷ ಹಳ್ಳದ ಎರಿ ಮಣ್ಣಾಗ ಗಾಲಿ ಹೂತು, ಟ್ರೇಲಿ ಪಲ್ಟಿ ಆಗಿ ಚಾಚಾನ ಕಾಲು ಮುರದಿತ್ತು. ಇನ್ನೂ ಕುಂಟತಾರ. ನಾ ಲಗೂನ ಇಂಟರ್ಸೆಕ್ಟ್ಸ್ ಫಂಕ್ಷನ್ ಹಾಕಿದೆ. ಈ ಗೆರಿ ಆ ಗೆರಿಗೆ ಎಲ್ಲ್ಯಾರ ತಾಕತೈತೇನು ಅಂತ ಹೇಳೂದ ಅದರ ಕೆಲಸ. ನಾಕು ದಾರ್ಯಾಗ ಮೂರು ಹಳ್ಳಕ್ಕ ತಾಕಿದ್ವು, ಒಂದು ತಾಕಲಿಲ್ಲ.

"ಬೇವಿನ ಮರದ ಹಾದಿ ಹಿಡೀರಿ ಚಾಚಾ, ಕಣ್ಣ ಮುಚ್ಚಿ ಹೋಗ್ರಿ" ಅಂದೆ.

ಫೋನ್ ಇಟ್ಟು, ಖುಷೀಲೆ ನಕಾಶೆ ದೊಡ್ಡದ ಮಾಡಿ ನೋಡಿದೆ. ಹಳ್ಳ ಎರಡು ತುಂಡಾಗಿತ್ತು. ಮೊದಲನೇ ತುಂಡಿನ ಕೊನಿ ಚುಕ್ಕಿ, ಎರಡನೇದರ ಮೊದಲ ಚುಕ್ಕಿ ತಗೊಂಡು ನಡುವ ಎಷ್ಟು ದೂರ ಅಂತ ಕೇಳಿದ್ರ ನೂರಾ ಅರವತ್ತು ಮೀಟರ್. ಚಾಚಾನ ಹಾದಿ ಸರಿಯಾಗಿ ಆ ಸಂದ್ಯಾಗ ನುಗ್ಗಿತ್ತು.

ಆಗ ನೆನಪಾತು. ಹಳ್ಳದ ದಂಡಿ ಹಿಡದು ನಡಿಯೂ ಮುಂದ, ಬೇವಿನ ಮರದ ಕೆಳಗ ಒಬ್ಬಾಕಿ ಕಾಕಿ ಬುತ್ತಿ ಬಿಚ್ಚಿದ್ಲು. ನಮ್ಮ ಕಡೆ ಹೊಲದಾಗ ಉಣ್ಣಾವ್ರು ದಾರ್ಯಾಗ ಹೋಗಾವ್ರನ್ನ ಕರೀಲಾರದ ತುತ್ತು ಎತ್ತಂಗಿಲ್ಲ. ಕರದ ಮ್ಯಾಲೆ ಒಲ್ಲೆ ಅನ್ನಾಕೂ ಬರಂಗಿಲ್ಲ. ಚಾರ್ಜ್ ಉಳೀಲಿ ಅಂತ ರೆಕಾರ್ಡಿಂಗ್ ಬಂದ್ ಮಾಡಿ ರೊಟ್ಟಿ ತಿಂದೆ. ಆಮ್ಯಾಲೆ ಕಾಕಿ, ಹಳ್ಳದ ದಂಡಿಗುಂಟ ಮುಂದ ಇದ್ದ ತನ್ನ ಬಾವಿ ತೋರಸ್ತೇನಿ ಅಂತ ಕರಕೊಂಡು ಹೋದ್ಲು. ನಾ ಅಲ್ಲಿಂದ ಮತ್ತ ಚಾಲೂ ಮಾಡಿದ್ದೆ.

ಚಾಚಾಗ ಫೋನ್ ಹಚ್ಚಿದೆ, ಎತ್ತಲಿಲ್ಲ. ಟ್ರ್ಯಾಕ್ಟರಿನಾಗ ಅವರು ಹಾಡು ಹಚ್ಚಿದ್ರ ಎಂಜಿನ್ ಸಪ್ಪಳಾನ ಕೇಳಂಗಿಲ್ಲ, ಫೋನ್ ಎಲ್ಲಿ ಕೇಳತೈತಿ. ಸ್ಕೂಟಿ ಹತ್ತಿ, ದಾರಿಗುಂಟ ಅವರ ಕಾಲನ್ನ ನೆನಸ್ಕೋತ ಹೋದೆ.

ಬೇವಿನ ಮರದ ಕಡೆ ಟ್ರ್ಯಾಕ್ಟರ್ ಕಾಣಿಸ್ತು. ಹಳ್ಳಕ್ಕ ಹತ್ತ ಹೆಜ್ಜಿ ಇತ್ತು, ಬಂದ್ ಆಗಿ ನಿಂತಿತ್ತು. ನೆರಳಾಗ ಚಾಚಾ ಕಾಲು ಚಾಚಿ ಕುಂತು, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಮುರೀತಿದ್ರು. ಎದುರಿಗೆ ಅದ ಕಾಕಿ.

"ಈಕಿನ ನೋಡವಾ, ಕಣ್ಣ ಮುಚ್ಚಿ ಹೋಗ್ರಿ ಅಂದಾಕಿ" ಅಂದ್ರು ಚಾಚಾ. "ನೀ ಅಡ್ಡ ಬಂದು ಕೈ ಬೀಸಿ ಊಟಕ್ಕ ಕರೀಲಿಲ್ಲ ಅಂದ್ರ ಮುಚ್ಚೇ ಹೋಗಾಂವ ಇದ್ದೆ."

ನಾ ಗೆರಿ ಹರದ ಕಥಿ ಹೇಳಿದೆ. ಕಾಕಿ ರೊಟ್ಟಿ ಮುರಿಯೂ ಕೈ ತಡದು ನಕ್ಲು. "ಹಂಗಾರ ನನ್ನ ರೊಟ್ಟೀನ ಹಳ್ಳ ನುಂಗೇತಿ ಅನ್ನು. ಬಾ ಕುಂಡ್ರು, ತಿಂದು ನಡೀರಿ. ನನ್ನ ಹೊಲದ ಬದುವಿನ ಮ್ಯಾಲೆ ಗಟ್ಟಿ ದಾರಿ ಐತಿ, ತೋರಸ್ತೇನಿ."

ಈ ಸಲ ರೆಕಾರ್ಡಿಂಗ್ ಚಾಲೂ ಇಟ್ಟ ಕುಂತೆ. ಉಂಡ ಮ್ಯಾಲೆ ಚಾಚಾ ಬದುವಿನ ದಾರಿ ಹಿಡದ್ರು, ನಾ ಬಾವಿ ತನಕ ಹಳ್ಳದ ದಂಡಿ ಹಿಡದು ನಡದೆ. ಮನೀಗೆ ಬಂದು ನೋಡಿದ್ರ ಹಳ್ಳ ಕೂಡಿತ್ತು. ಆದ್ರ ಬೇವಿನ ಮರದ ಕೆಳಗ ಚುಕ್ಕಿ ಎಲ್ಲಾ ಸುತ್ತಿ ಸುತ್ತಿ ನೂಲಿನ ಗಂಟ ಆಗಿದ್ವು. ಅದನ್ನ ಬಿಡಸೂ ಫಂಕ್ಷನ್ನೂ ಐತಿ, ಗೊತ್ತೈತಿ ನನಗ. ಹಂಗ ಇರಲಿ ಅಂತ ಬಿಟ್ಟೇನಿ.